1003 ಯಾರ ನಂಬರು ಎಂದು ಕೇಳಿದ ಅಣ್ಣನಿಗೆ

ನಮ್ಮ ರಾಜ್ಯೋತ್ಸವ ವಿಶೇಷಾಂಕ ನಿನ್ನೆ ರಾತ್ರಿ ಪ್ರಿಂಟಿಗೆ ಹೋಯಿತು. ಮೂರು ದಿನದ ಹಿಂದೆ ಅದು ಹೋಗುತ್ತದೆ ಅನ್ನೋ ಧೈರ್ಯ ನನಗಿರಲಿಲ್ಲ.

ಏಳು ಜನರ ಕಚೇರಿ ನಮ್ಮದು. ಪುಟಗಳು, ಫೋಟೋ, ಜಾಹೀರಾತು, ಸಂಬಳದ ಲೆಕ್ಕ ಎಲ್ಲ ಒಂದೇ ಲಿನಕ್ಸ್ ಸರ್ವರ್‌ನಲ್ಲಿ, ಸಾಂಬಾ ಅನ್ನೋ ಫೈಲು ಹಂಚುವ ತಂತ್ರಾಂಶದ ಮೂಲಕ ಎಲ್ಲರ ಕಂಪ್ಯೂಟರಿಗೂ. ಹಳೇ ಯಂತ್ರ ಕೈಕೊಡುವ ಹಾಗಿತ್ತು ಅಂತ ಅದರ ಡಿಸ್ಕನ್ನು ಹೊಸದಕ್ಕೆ ಸಿಕ್ಕಿಸಿ ಕಾಪಿ ಮಾಡಿದೆ. ಬೆಳಿಗ್ಗೆ ನೋಡಿದರೆ, ಹುಡುಗರು ತಾವೇ ಕಟ್ಟಿದ ಪುಟ ಅವರಿಗೇ ತೆರೆಯುತ್ತಿಲ್ಲ. ಗಾಬರಿಯಲ್ಲಿ ಇಡೀ ಫೋಲ್ಡರಿಗೆ 777, ಅಂದರೆ ಯಾರು ಬೇಕಾದರೂ ತೆರೆದು ತಿದ್ದುವ ಅನುಮತಿ, ಕೊಟ್ಟುಬಿಟ್ಟೆ. ಸ್ವಲ್ಪ ಹೊತ್ತಿಗೆ ಅಕೌಂಟ್ಸ್ ಮೇಡಂ ಪಕ್ಕಕ್ಕೆ ಕರೆದು, "ಸಂಬಳದ ಶೀಟು ಎಲ್ಲರಿಗೂ ತೆರೀತಿದೆ ನೋಡಪ್ಪ" ಅಂದರು. ದನಿ ಏರಿಸಲಿಲ್ಲ, ಯಾರಿಗೂ ಹೇಳಲಿಲ್ಲ. ಮೇಡಂ, ಅದನ್ನು ನಾನು ಮರೆಯುವುದಿಲ್ಲ.

ಆಮೇಲೆ ಮೈಸೂರಿನ ಅಣ್ಣನಿಗೆ ಫೋನು ಮಾಡಿದೆ. ಆ ಹಳೇ ಸರ್ವರ್ ಕೂಡಿಸಿಕೊಟ್ಟವರು ಅವರೇ. "ಮೊದಲು ಸಾಂಬಾ ನಿಲ್ಲಿಸು. ಎಲ್‌ಎಸ್‌ಗೆ ಎಲ್ ಜೊತೆ ಎನ್ ಹಾಕಿ ನೋಡು. ಹೆಸರು ಬೇಡ, ನಂಬರು ಓದು." ಅಂದರು. ಎಲ್‌ಎಸ್ ಅಂದರೆ ಫೈಲುಗಳ ಪಟ್ಟಿ ತೋರಿಸುವ ಆದೇಶ; ಎನ್ ಹಾಕಿದರೆ ಫೈಲಿನ ಮಾಲೀಕರು, ಗ್ರೂಪು (ಅದನ್ನು ಹಂಚಿಕೊಳ್ಳುವ ಬಳಕೆದಾರರ ಗುಂಪು) ಇವುಗಳ ಹೆಸರಿನ ಬದಲು ನಂಬರು ಬರುತ್ತದೆ. ಪುಟಗಳ ಗ್ರೂಪು 1003 ಅಂತಿತ್ತು. "ಹೊಸ ಮಷೀನಲ್ಲಿ 1003 ಯಾರಪ್ಪ?" ಅಕೌಂಟ್ಸ್! ಹಳೇದರಲ್ಲಿ ಅದು ಪುಟ ವಿಭಾಗದ್ದು. ಡಿಸ್ಕಿನಲ್ಲಿ ಮಾಲೀಕರ, ಗ್ರೂಪಿನ ಹೆಸರು ಇರುವುದಿಲ್ಲ, ನಂಬರು ಮಾತ್ರ ಇರುತ್ತದೆ. ಹೆಸರನ್ನು ಆಯಾ ಯಂತ್ರ ತನ್ನ ಪಟ್ಟಿ ನೋಡಿ ಹೇಳುತ್ತದೆ. ಹೊಸದರಲ್ಲಿ ನಾನು ಅಕೌಂಟ್ಸ್ ಗ್ರೂಪನ್ನು ಮೊದಲು ಮಾಡಿದ್ದೆ, ಹಾಗಾಗಿ 1003, 1004 ಅದಲುಬದಲು.

1003ನ್ನೆಲ್ಲ 1004 ಮಾಡಲು ಹೊರಟವನನ್ನು ಅವರು ತಡೆದರು. "ಹಾಲಿನ ಲೋಟಕ್ಕೆ ಮಜ್ಜಿಗೆ, ಮಜ್ಜಿಗೆ ಲೋಟಕ್ಕೆ ಹಾಲು ಹಾಕಬೇಕು ಅಂದರೆ ಏನು ಮಾಡ್ತೀಯ? ಮೂರನೇ ಲೋಟ ಬೇಕಲ್ವಾ?" ಯಾರದೂ ಅಲ್ಲದ 5003ಕ್ಕೆ ಮೊದಲು 1003ನ್ನು ಸರಿಸಿ, 1004ನ್ನು 1003 ಮಾಡಿ, ಕೊನೆಗೆ 5003ನ್ನು 1004 ಮಾಡಿದೆವು. ನೇರವಾಗಿ ಮಾಡಿದ್ದರೆ ಸಂಬಳದ ಶೀಟೂ ಪುಟಗಳೂ ಒಂದೇ ರಾಶಿಗೆ ಬೀಳುತ್ತಿದ್ದವು, ಬೇರ್ಪಡಿಸಲು ಒಂದೊಂದೇ ಫೈಲು ನೋಡಬೇಕಿತ್ತು. ಫೈಲುಗಳ ಮಾಲೀಕರ ನಂಬರುಗಳನ್ನೂ ಹೀಗೇ ಸರಿಪಡಿಸಿದೆವು. ಕೊನೆಗೆ 777 ತೆಗೆದು ಫೋಲ್ಡರುಗಳಿಗೆ 2770, ಫೈಲುಗಳಿಗೆ 660; ಇನ್ನು ಮಾಲೀಕರು, ಗ್ರೂಪಿನವರು ಬಿಟ್ಟು ಬೇರೆಯವರಿಗೆ ತೆರೆಯುವುದಿಲ್ಲ. 2770ರ ಮೊದಲಿನ ಆ 2 ಇರುವುದರಿಂದ ಹೊಸ ಫೈಲು ಯಾರೇ ಮಾಡಲಿ, ಅದಕ್ಕೆ ಫೋಲ್ಡರಿನ ಗ್ರೂಪೇ ಬರುತ್ತದೆ. ಸಾಂಬಾದ ಕ್ರಿಯೇಟ್ ಮಾಸ್ಕನ್ನೂ (ಹೊಸ ಫೈಲಿಗೆ ಸಿಗುವ ಅನುಮತಿಯ ಮಿತಿ) 0660 ಮಾಡಿಸಿದರು.

ರಾತ್ರಿ ಒಂದೂವರೆಗೆ ಪುಟ ಕಟ್ಟುವ ಹುಡುಗ ಮುಖಪುಟ ತೆರೆದ, ಒಂದಕ್ಷರ ತಿದ್ದಿ ಸೇವ್ ಕೊಟ್ಟ. "ಆಯ್ತು ಸಾರ್" ಅಂದ. ಅಷ್ಟು ಹೊತ್ತೂ ಅವನೂ ಅವನ ಜೊತೆಯವರೂ ಮನೆಗೆ ಹೋಗದೆ ಕಾದಿದ್ದರು, ಅವರಿಗೂ ನನ್ನ ನಮಸ್ಕಾರ.

ಅಣ್ಣ, ನೀವು ರಿಮೋಟಲ್ಲಿ ಕೂತು ಅರ್ಧ ಗಂಟೆಯಲ್ಲಿ ಮುಗಿಸಬಹುದಿತ್ತು. ಮೂರು ಗಂಟೆ ಫೋನು ಹಿಡಿದು ಪ್ರತಿ ಆದೇಶವನ್ನೂ ನನ್ನ ಕೈಯಲ್ಲೇ ಟೈಪು ಮಾಡಿಸಿದಿರಿ. ನಂಬರುಗಳ ಪಟ್ಟಿ ಬರೆದು ಸರ್ವರಿನ ಮೈಗೇ ಅಂಟಿಸಿದ್ದೇನೆ. ವಿಶೇಷಾಂಕದ ಮೊದಲ ಪ್ರತಿ ನಿಮ್ಮ ಮನೆಗೆ ನಾನೇ ತರುತ್ತೇನೆ.