ಕ್ಯಾಮೆರಾ ಬೆಲ್ಟಿಗೆ ವಾಚ್ ರಿಪೇರಿಯವರೇ ಸಾಕು

ಮಾನ್ಯ ಸಂಪಾದಕರೇ,

ಕ್ಯಾಮೆರಾ ಬೆಲ್ಟ್ ಸಿಕ್ಕಿಸುವ ರಿಂಗ್ ತುಕ್ಕು ಹಿಡಿದರೆ ನಮ್ಮ ಕಡೆಯವರು ಸೀದಾ ಸರ್ವಿಸ್ ಸೆಂಟರ್ ಹುಡುಕುತ್ತಾರೆ. ನಾನು ಹೋದ ಅಂಗಡಿಯಲ್ಲೂ ಕ್ಯಾಮೆರಾ ಬೆಂಗಳೂರಿಗೆ ಕಳಿಸಬೇಕು ಅಂದರು. ಅಷ್ಟೆಲ್ಲ ಬೇಕಾಗಿಲ್ಲ. ಉಡುಪಿಯ ರಥಬೀದಿ ಹತ್ತಿರ ವಾಚ್ ರಿಪೇರಿ ಮಾಡುವ ಹಿರಿಯರೊಬ್ಬರು ನಾನು ನೋಡುತ್ತಿದ್ದ ಹಾಗೇ ಮುಗಿಸಿಕೊಟ್ಟರು.

ಆ ಕೆಲಸವನ್ನು ಹತ್ತಿರದಿಂದ ನೋಡಬೇಕು. ರಿಂಗ್ ಅಂದರೆ ಕೀ ಬಂಚಿನದ್ದೇ ಚಿಕ್ಕ ರೂಪ, ಎರಡು ಸುತ್ತಿನ ತಂತಿ. ಅವರು ಮೊದಲು ರಿಂಗ್ ಸಿಕ್ಕಿಸಿರುವ ಕ್ಯಾಮೆರಾದ ಕೊಂಡಿಯ ಸುತ್ತ ಟೇಪ್ ಅಂಟಿಸಿದರು, ಕ್ಯಾಮೆರಾ ಮೈಗೆ ಗೀರು ಬೀಳಬಾರದಲ್ವಾ. ಆಮೇಲೆ ವಾಚಿನ ಹಿಂದಿನ ಮುಚ್ಚಳ ಎಬ್ಬಿಸುವ ಮೊಂಡು ಚೂರಿಯನ್ನು ಎರಡು ಸುತ್ತಿನ ನಡುವೆ ತೂರಿಸಿ ಒಂಚೂರು ತಿರುಗಿಸಿದರು, ಸಂದಿ ಮತ್ತೆ ಮುಚ್ಚಿಕೊಳ್ಳದ ಹಾಗೆ ವಾಚ್ ಬೆಲ್ಟಿನ ಪಿನ್ ತೆಗೆಯುವ ಕಡ್ಡಿಯನ್ನು ಅಲ್ಲೇ ಸಿಕ್ಕಿಸಿಟ್ಟು, ಚಿಮುಟದಲ್ಲಿ ಹಿಡಿದು ರಿಂಗನ್ನು ಸುತ್ತಿಸುತ್ತಾ ಹೊರಗೆ ತಂದರು. ಹೊಸದು ಹಾಕಿದ್ದೂ ಹಾಗೆಯೇ. ಇದನ್ನೇ ಉಗುರಿನಲ್ಲಿ ಮಾಡಿದರೆ ಉಗುರು ಕಿತ್ತುಬರುತ್ತದೆ. ದಪ್ಪ ಸ್ಕ್ರೂಡ್ರೈವರ್ ಹಾಕಿದರೆ ರಿಂಗ್ ಅಗಲವಾಗಿ ಮತ್ತೆ ಕೂರುವುದಿಲ್ಲ. ಚಿಕ್ಕ ಕ್ಯಾಮೆರಾದ ಕಿರಿದಾದ ತೂತಿಗೆ ಕೈಪಟ್ಟಿಯ ದಾರ ತೂರಿಸಲೂ ಅದೇ ಕಡ್ಡಿ, ಅದೇ ಚಿಮುಟ ಸಾಕು. ಬೆಲ್ಟಿನ ತುದಿ ಮಾತ್ರ ಬಕಲಿನಿಂದಾಚೆ ಎರಡು ಇಂಚಾದರೂ ಉಳಿಯಬೇಕು, ಜೋರಾಗಿ ಎಳೆದು ನೋಡಿಯೇ ಕುತ್ತಿಗೆಗೆ ಹಾಕಬೇಕು.

ಕರಾವಳಿಯಲ್ಲಿ ಇದು ಸಣ್ಣ ವಿಷಯ ಅಲ್ಲ. ಮಳೆಗಾಲಕ್ಕೆ ಮುಂಚೆ, ಮೇ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುತ್ತದೆ, ದೈವಗಳ ಕೋಲ ನೇಮಗಳೂ ನಿಲ್ಲುತ್ತವೆ, ಎಷ್ಟೋ ಜನರ ಕ್ಯಾಮೆರಾ ಆಮೇಲೆ ಮಳೆಗಾಲವಿಡೀ ಬ್ಯಾಗಿನಲ್ಲೇ ಥಂಡಿ ಹಿಡಿದು ಕೂರುತ್ತದೆ. ಮಲ್ಪೆ, ಪಣಂಬೂರಿನ ಉಪ್ಪುಗಾಳಿ ಮೊದಲೇ ತಾಗಿರುತ್ತದೆ. ಮೇಳ ಮತ್ತೆ ಹೊರಟಾಗ ಕ್ಯಾಮೆರಾ, ದೊಡ್ಡ ಲೆನ್ಸ್ ಎರಡರ ಭಾರವೂ ಆ ತುಕ್ಕು ರಿಂಗಿನ ಮೇಲೆಯೇ. ಕೊಂಡಿಗೆ ಉಜ್ಜುವ ಒಳಭಾಗದಲ್ಲಿ ಅದು ಸಪೂರ ಆಗಿದೆಯಾ ಅಂತ ದಯವಿಟ್ಟು ಒಮ್ಮೆ ನೋಡಿ.

ಈ ವಾಚ್ ರಿಪೇರಿಯವರು ಈಗ ಎಷ್ಟು ಮಂದಿ ಉಳಿದಿದ್ದಾರೆ? ಎಚ್‌ಎಂಟಿ ವಾಚುಗಳ ಮೇಲೆ ಕೈ ಪಳಗಿಸಿಕೊಂಡವರು ಅವರು. 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ವಾಚ್ ಈಗ ಹೆಚ್ಚಾಗಿ ಹಳೆಯವರ ಕೈಯಲ್ಲೇ ಕಾಣುತ್ತದೆ, ಸಮಯ ನೋಡಲು ಎಲ್ಲರಿಗೂ ಮೊಬೈಲ್ ಇದೆ. ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿಯ ಹಕ್ಕಿಗೆ ಅಂತಲೇ ಪೋರ್ಟಲ್ ತೆರೆಯಿತು, ಒಳ್ಳೆಯದೇ. ಆದರೆ ರಿಪೇರಿ ಮಾಡುವ ಮನುಷ್ಯನಿಗೆ ಕೂರಲು ಜಾಗ ಬೇಕಲ್ವಾ? ಮಂಗಳೂರು, ಉಡುಪಿಯಲ್ಲಿ ಮಾರುಕಟ್ಟೆ, ಬಸ್ ನಿಲ್ದಾಣ ಹೊಸದಾಗಿ ಕಟ್ಟುವಾಗ ಒಂದು ಮೇಜು, ಒಂದು ದೀಪ ಹಿಡಿಯುವಷ್ಟು ಜಾಗವನ್ನು ಇವರಿಗೆ ಕಡಿಮೆ ಬಾಡಿಗೆಗೆ ಕೊಡಬೇಕು ಎಂದು ಸ್ಥಳೀಯ ಆಡಳಿತವನ್ನು ನಿಮ್ಮ ಪತ್ರಿಕೆಯ ಮೂಲಕ ಕೇಳುತ್ತಿದ್ದೇನೆ.

– ಓರ್ವ ಓದುಗ, ಉಡುಪಿ