ನಿನ್ನೂರು ಯಾವುದು ಅಂತ ಕೇಳಿದರೆ

ಪುಟ್ಟಿ,

ಜರ್ಮನಿಯ ಕೊಬ್ಲೆಂಜ್‌ನಿಂದ ನೀನು ಕಳಿಸಿದ ಫೋಟೋ ನೋಡಿದೆ. ಒಂದು ಕಡೆ ರೈನ್, ಇನ್ನೊಂದು ಕಡೆ ಮೊಸೆಲ್, ಹಿಂದೆ ಕುದುರೆ ಏರಿದ ದೊರೆಯ ದೊಡ್ಡ ಪ್ರತಿಮೆ, ಅದರ ಕೆಳಗೆ ಕಡ್ಡಿ ಥರ ನೀನು. ಸರಿಯಾಗಿ ಊಟ ಮಾಡ್ತಿದ್ದೀಯಾ? ಆ ಊರಿನ ಹೆಸರಿಗೆ ನದಿಗಳು ಕೂಡುವ ಜಾಗ ಅಂತಲೇ ಅರ್ಥ. ನಮ್ಮ ತುಂಗೆ, ಭದ್ರೆಯರ ಕೂಡಲಿ ಇದ್ದ ಹಾಗೆ.

ಮೊನ್ನೆ ಫೋನಿನಲ್ಲಿ ನೀನು ಕೇಳಿದೆಯಲ್ಲ, 'ಪಾಸ್‌ಪೋರ್ಟಲ್ಲಿ ನಾಗಪುರ ಅಂತಿದೆ, ಯಾರಾದರೂ ನಿನ್ನೂರು ಯಾವುದು ಅಂದರೆ ಏನು ಹೇಳಲಮ್ಮಾ' ಅಂತ. ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಅಪ್ಪನಿಗೆ ಅಲ್ಲಿಗೆ ವರ್ಗ ಆಗಿತ್ತು, ನೀನು ಹುಟ್ಟಿದೆ, ನಿನಗೆ ಹನ್ನೊಂದು ತಿಂಗಳಾಗುವಾಗ ಮತ್ತೆ ಗಂಟುಮೂಟೆ ಕಟ್ಟಿದೆವು, ಅಷ್ಟೇ ಕಥೆ.

ನೀನು ನಿಂತಿದ್ದ ಅದೇ ಊರಿನಲ್ಲಿ 1926ರ ಫೆಬ್ರುವರಿ 2ರಂದು ಒಂದು ಮಗು ಹುಟ್ಟಿತು. ಅಲ್ಲೂ ಅಪ್ಪನ ನೌಕರಿಯೇ ಕಾರಣ. ಮೊದಲ ಮಹಾಯುದ್ಧ ಮುಗಿದ ಮೇಲೆ ರೈನ್ ಸೀಮೆಯಲ್ಲಿ ಫ್ರೆಂಚ್ ಸೇನೆ ಬೀಡುಬಿಟ್ಟಿತ್ತು, ಆ ಆಡಳಿತದ ಹಣಕಾಸು ನೋಡಿಕೊಳ್ಳಲು ಮಗುವಿನ ಅಪ್ಪ ಬಂದಿದ್ದರು. ಆ ಮಗುವೇ ವಲೇರಿ ಜಿಸ್ಕಾರ್ ದೆಸ್ತಾಂ. ಫ್ರಾನ್ಸ್‌ನ ಅಧ್ಯಕ್ಷರಾದವರು ಹುಟ್ಟಿದ್ದು ಜರ್ಮನಿಯಲ್ಲಿ! ಹದಿನೆಂಟು ದಾಟಿದ ಹುಡುಗ ಫ್ರೆಂಚ್ ಸೇನೆ ಸೇರಿ, 1945ರಲ್ಲಿ ಟ್ಯಾಂಕಿನಲ್ಲಿ ಕೂತು ಅದೇ ಜರ್ಮನಿಯೊಳಗೆ ಯುದ್ಧಕ್ಕೆ ಹೋದ. ಮುಂದೆ ಅಧ್ಯಕ್ಷರಾದಾಗ ಪಶ್ಚಿಮ ಜರ್ಮನಿಯ ಚಾನ್ಸಲರ್ ಹೆಲ್ಮುಟ್ ಶ್ಮಿಟ್ ಅವರಿಗೆ ಆಪ್ತ ಗೆಳೆಯ. ಇಬ್ಬರೂ ಇಂಗ್ಲಿಷಿನಲ್ಲೇ ಮಾತಾಡಿಕೊಂಡು 1979ರಲ್ಲಿ ಯುರೋಪಿನ ಹಣಕಾಸು ವ್ಯವಸ್ಥೆ ಕಟ್ಟಿದರು. ಈಗ ನಿನ್ನ ಪರ್ಸಿನಲ್ಲಿರುವ ಯೂರೋದ ಬೇರು ಅಲ್ಲಿದೆ.

ಜಿಸ್ಕಾರ್ 1962ರಲ್ಲಿ ಹಣಕಾಸು ಮಂತ್ರಿ, 1974ರಲ್ಲಿ, 48ನೇ ವಯಸ್ಸಿಗೇ ಅಧ್ಯಕ್ಷ. ಎದುರಾಳಿ, ಸಮಾಜವಾದಿ ನಾಯಕ ಮಿತ್ತೆರಾಂ ಅವರನ್ನು ಸೋಲಿಸಿದ್ದು ಬರೀ 4.25 ಲಕ್ಷ ಮತಗಳಿಂದ. ಗೆದ್ದು ಎರಡು ತಿಂಗಳೂ ಆಗಿರಲಿಲ್ಲ, ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ನನಗೆ ಇದು ಮನಸ್ಸಿಗೆ ತಾಗುವ ವಿಷಯ. ನಮ್ಮಲ್ಲಿ ಅದಾಗಿದ್ದು 1989ರಲ್ಲಿ, ಆಗ ನನಗೆ ಹತ್ತೊಂಬತ್ತು. ಆ ನವೆಂಬರ್‌ನಲ್ಲಿ ಬೆರಳಿಗೆ ಹಚ್ಚಿದ ಶಾಯಿ ಅಳಿಸಿಹೋಗಬಾರದು ಅಂತ ನಾನು ಎರಡು ದಿನ ಪಾತ್ರೆ ತೊಳೆಯಲಿಲ್ಲ, ನಿನ್ನ ಅಜ್ಜಿ ಬೈದರು.

ಜಿಸ್ಕಾರ್ ಅವರ ಮಂತ್ರಿ ಸಿಮೋನ್ ವೇಯ್, ನಾಜಿಗಳ ಸಾವಿನ ಶಿಬಿರ ಆಶ್ವಿಟ್ಜ್‌ನಿಂದ ಬದುಕಿ ಬಂದ ಹೆಂಗಸು, ಗಂಡಸರೇ ತುಂಬಿದ್ದ ಸಂಸತ್ತಿನಲ್ಲಿ ನಿಂತು ಗರ್ಭಪಾತವನ್ನು ಕಾನೂನಿನೊಳಗೆ ತಂದರು, 1975ರಲ್ಲಿ. ಎಷ್ಟೆಲ್ಲ ಅನ್ನಿಸಿಕೊಂಡರು ಆಕೆ! ಜಿಸ್ಕಾರ್ ಜತೆಗೆ ನಿಂತರು, ಸ್ವಂತ ಪಕ್ಷಗಳವರೇ ಬಹಳ ಜನ ವಿರೋಧ ಮಾಡಿದರೂ. ಆದರೆ ಅದೇ ಜಿಸ್ಕಾರ್ ಅವಧಿಯಲ್ಲಿ ಮರಣದಂಡನೆ ಅಂತ ಮೂವರ ತಲೆ ಕಡಿದರು, ಕೊನೆಯದು 1977ರಲ್ಲಿ. ಅವರು ಮನಸ್ಸು ಮಾಡಿದ್ದರೆ ತಡೆಯಬಹುದಿತ್ತು. ಅದನ್ನು ನಾನು ಒಪ್ಪಲಾರೆ.

1981ರಲ್ಲಿ ಅದೇ ಮಿತ್ತೆರಾಂ ಎದುರು ಸೋತರು. ಅವರೇ ಓಟಿನ ಹಕ್ಕು ಕೊಟ್ಟ ಹದಿನೆಂಟರ ಹುಡುಗ ಹುಡುಗಿಯರೂ ಸೋಲಿಸಿದವರಲ್ಲಿದ್ದರು. ಟೀವಿಯಲ್ಲಿ ಕೊನೆಯ ಮಾತಾಡಿ, 'ಹೋಗಿಬರುತ್ತೇನೆ' ಅಂದು, ಎದ್ದು ನಡೆದೇಬಿಟ್ಟರು. ಪರದೆ ಮೇಲೆ ಖಾಲಿ ಕುರ್ಚಿ, ಹಿಂದೆ ರಾಷ್ಟ್ರಗೀತೆ. ಆ ವಿಡಿಯೋ ಸಿಗುತ್ತದೆ, ನೋಡು.

ಅವರನ್ನು ಯಾರೂ ಕೊಬ್ಲೆಂಜಿನವರು ಅನ್ನಲಿಲ್ಲ, ಗೊತ್ತಾ? ಅವರದು ಫ್ರಾನ್ಸಿನ ಓವೆರ್ನ್ ಸೀಮೆ, ಮೊದಲ ಚುನಾವಣೆ ಗೆದ್ದದ್ದೂ ಅಲ್ಲೇ. ನಾಗಪುರದ ಆಸ್ಪತ್ರೆಯಲ್ಲಿ ನಿನ್ನ ಕೈಗೆ ಕಟ್ಟಿದ್ದ ಪಟ್ಟಿ ಇನ್ನೂ ನನ್ನ ಬೀರುವಿನಲ್ಲಿದೆ, ರಜಕ್ಕೆ ಬಂದಾಗ ಕೊಡುತ್ತೇನೆ. ಕೇಳಿದವರಿಗೆ ಶಿವಮೊಗ್ಗ ಅನ್ನು.

ಚಳಿ ಶುರುವಾಗಿದೆಯಂತೆ, ಕಾಲುಚೀಲ ಹಾಕದೆ ಓಡಾಡಬೇಡ.

ಅಮ್ಮ