ವಾರಂಟಿ ನಿರಾಕರಣೆ ಕುರಿತು ಕಾರು ಸರ್ವಿಸ್ ಕೇಂದ್ರಕ್ಕೆ ದೂರು

ಇವರಿಗೆ,
ವ್ಯವಸ್ಥಾಪಕರು,
ಅಧಿಕೃತ ಕಾರು ಸರ್ವಿಸ್ ಕೇಂದ್ರ, ಬಳ್ಳಾರಿ

ವಿಷಯ: ‘ಎಂಜಿನ್‌ಗೆ ನೀರು ಹಾಕಿದ್ದೀರಿ’ ಎಂಬ ನೆಪದಲ್ಲಿ ಇಗ್ನಿಷನ್ ಕಾಯಿಲ್‌ನ ವಾರಂಟಿ ನಿರಾಕರಿಸಿರುವ ಬಗ್ಗೆ.

ಮಾನ್ಯರೇ,

ದೂರವಾಣಿಯಲ್ಲಿ ಎಷ್ಟು ವಿನಯದಿಂದ ಕೇಳಿದರೂ ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’ ಎಂಬುದರಾಚೆ ಉತ್ತರ ಬಾರದ ಕಾರಣ ಈ ಪತ್ರ ಬರೆಯುತ್ತಿದ್ದೇನೆ. ವಾರಂಟಿ ಅವಧಿಯಲ್ಲೇ ಇರುವ ನನ್ನ ಪೆಟ್ರೋಲ್ ಕಾರು ಮಿಸ್ಸಿಂಗ್ ಹೊಡೆಯತೊಡಗಿ, ಚೆಕ್ ಎಂಜಿನ್ ದೀಪ ಹತ್ತಿಕೊಂಡಾಗ ತಮ್ಮಲ್ಲಿಗೆ ತಂದಿದ್ದೆ. ಸ್ಪಾರ್ಕ್ ಪ್ಲಗ್‌ಗೆ ಕಿಡಿಯ ವಿದ್ಯುತ್ ಒದಗಿಸುವ ಇಗ್ನಿಷನ್ ಕಾಯಿಲ್ ಕೆಟ್ಟಿದೆ ಎಂಬಲ್ಲಿಯವರೆಗೆ ನಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ.

ತಮ್ಮ ಸರ್ವಿಸ್ ಅಡ್ವೈಸರ್ ಬಾನೆಟ್ ತೆರೆದು, ಒಳಗೆ ಸ್ವಚ್ಛವಾಗಿರುವುದೇ ಅಪರಾಧವೆಂಬಂತೆ, ಇದನ್ನು ಯಾರು ತೊಳೆದರೆಂದು ಕೇಳಿದರು. ತೋರಣಗಲ್ಲು ರಸ್ತೆಯಲ್ಲಿ ಅದಿರು ಲಾರಿಗಳ ಹಿಂದೆ ನಿತ್ಯ ಓಡಾಡುವ ಕಾರಿನ ಎಂಜಿನ್ ಮೇಲೆ ಕೆಮ್ಮಣ್ಣು ಸಾರಿಸಿದಂತೆ ಧೂಳು ಕೂರುವುದರಿಂದ ಮನೆಯಲ್ಲೇ ಒರೆಸಿಕೊಂಡೆನೆಂದೆ. ಎಂಜಿನ್ ಪೂರ್ತಿ ಆರಿದ ಮೇಲೆ ಬ್ಯಾಟರಿಯ ಮೈನಸ್ ತಂತಿ ಕಳಚಿ, ಆಲ್ಟರ್ನೇಟರ್, ಫ್ಯೂಸ್ ಪೆಟ್ಟಿಗೆ ಹಾಗೂ ಗಾಳಿ ಎಳೆದುಕೊಳ್ಳುವ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಮೆತ್ತನೆಯ ಬ್ರಷ್‌ನಿಂದ ಧೂಳು ಉದುರಿಸಿ, ಡಿಗ್ರೀಸರ್ ಹಚ್ಚಿದ ಬಟ್ಟೆಯಿಂದ ಜಿಡ್ಡು ತೆಗೆದದ್ದನ್ನೂ, ನೀರಿನ ಪೈಪು ಮುಟ್ಟಿಯೇ ಇಲ್ಲವೆಂಬುದನ್ನೂ ವಿವರಿಸಿದೆ. ಅವರು ಕೌಂಟರ್ ಕಡೆ ತಿರುಗಿ, ಅಲ್ಲಿ ಕುಳಿತಿದ್ದ ಗ್ರಾಹಕರೆಲ್ಲರಿಗೂ ಕೇಳುವಂತೆ, “ನೋಡ್ರಿ, ಸಾಹೇಬ್ರು ಯೂಟ್ಯೂಬ್ ನೋಡಿ ಮೆಕ್ಯಾನಿಕ್ ಆಗ್ಯಾರ” ಎಂದರು. ಇಬ್ಬರು ನಕ್ಕರು. ಎಂಜಿನ್‌ಗೆ ಒತ್ತಡದ ನೀರು ಬಳಸಬಾರದೆಂದು ತಮ್ಮ ಕಂಪನಿಯೇ ಮುದ್ರಿಸಿದ ಕೈಪಿಡಿಯ ಪುಟ ತೋರಿಸಿದಾಗ, “ಅದೆಲ್ಲಾ ಸುಮ್ನ ಬರ್ದಿರ್ತಾರ್ರಿ” ಎಂದು ಪುಸ್ತಕ ಮುಚ್ಚಿ, ಅದರ ಮೇಲೆ ತಮ್ಮ ಚಹಾ ಕಪ್ಪು ಇಟ್ಟರು. ದುಂಡನೆಯ ಕಲೆ ಈಗಲೂ ಇದೆ. ಅದನ್ನೂ ಗ್ರಾಹಕನಿಂದಾದ ನೀರಿನ ಹಾನಿಯೆಂದು ದಾಖಲಿಸುವಿರೋ ಏನೋ. ಅದೇ ಹೊತ್ತಿಗೆ ಗಾಜಿನಾಚೆಯ ವಾಷಿಂಗ್ ರ‍್ಯಾಂಪ್ ಮೇಲೆ ಹುಡುಗನೊಬ್ಬ ಆಗಷ್ಟೇ ಬಂದ ಕಾರಿನ ಬಿಸಿ ಎಂಜಿನ್‌ಗೆ ಪ್ರೆಷರ್ ಗನ್ ಹಿಡಿದಿದ್ದ.

ಕಾಯಿಲ್ ಕಿತ್ತಾಗ ಕನೆಕ್ಟರ್‌ನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು, ಕಾಯಿಲ್ ಕೂರುವ ಸ್ಪಾರ್ಕ್ ಪ್ಲಗ್ ಕುಳಿಯಲ್ಲಿ ಕೆಂಪು ಕೆಸರು ಒಣಗಿ ಗಟ್ಟಿಯಾಗಿತ್ತು. ಮೊನ್ನೆ ಬಟ್ಟೆಯಲ್ಲಿ ಒರೆಸಿದ್ದಕ್ಕೆ ರಬ್ಬರ್ ಸೀಲು ದಾಟಿ ಅಷ್ಟು ಆಳಕ್ಕೆ ಕೆಸರು ಇಳಿಯುವುದಿಲ್ಲ. ಕಳೆದ ಸರ್ವಿಸ್‌ನ ಬಿಲ್ಲಿನಲ್ಲಿ, ನಾನು ಕೇಳದಿದ್ದರೂ, ‘ಎಂಜಿನ್ ಕ್ಲೀನಿಂಗ್ ಮತ್ತು ಡ್ರೆಸ್ಸಿಂಗ್’ ಎಂದು ಹಣ ಪಡೆದಿದ್ದೀರಿ. ತಾವು ತೊಳೆದರೆ ಸೇವೆ, ಗ್ರಾಹಕ ಒರೆಸಿದರೆ ವಾರಂಟಿ ಭಂಗ ಎಂಬ ನಿಯಮ ಯಾವ ಪುಟದಲ್ಲಿದೆ ಎಂಬುದು ತಮಗೆ ಖಂಡಿತ ಗೊತ್ತಿರುತ್ತದೆ.

ಕಾಯಿಲ್‌ಗೆ ವಸೂಲು ಮಾಡಿದ ಹಣ, ಕಳಚಿದ ಹಳೆಯ ಕಾಯಿಲ್, ಕಳೆದ ಸರ್ವಿಸ್‌ನ ಮತ್ತು ಈ ಸಲದ ಎರಡೂ ಜಾಬ್ ಕಾರ್ಡ್‌ಗಳ (ಕೆಲಸದ ವಿವರ ಬರೆಯುವ ಚೀಟಿ) ಪ್ರತಿ ಮತ್ತು ನಿರಾಕರಣೆಯ ಲಿಖಿತ ಕಾರಣ 15 ದಿನಗಳೊಳಗೆ ನನಗೆ ತಲುಪಬೇಕು. ತಪ್ಪಿದಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಅಲ್ಲಿ ವಕೀಲರಿಲ್ಲದೆ ನಾನೇ ವಾದಿಸಬಹುದು, ವಾದಿಸುವ ಹುರುಪೂ ಇದೆ. ತಮ್ಮ ರ‍್ಯಾಂಪಿನ ಪ್ರೆಷರ್ ಗನ್ ಪ್ರದರ್ಶನದ ವಿಡಿಯೊ ನನ್ನ ಮೊಬೈಲ್‌ನಲ್ಲಿದೆ. ಅದನ್ನು ಕಂಪನಿಯ ಕೇಂದ್ರ ಕಚೇರಿಗೂ ಕಳಿಸಲಿದ್ದೇನೆ. ಹಣ ಮರಳಿಸಿದ ಮಾತ್ರಕ್ಕೆ ಅದನ್ನು ಅಳಿಸಿಹಾಕುತ್ತೇನೆಂಬ ಭರವಸೆಯನ್ನು ಮಾತ್ರ ನೀಡಲಾರೆ.

ಇಂತಿ,
ತಮ್ಮ ಗ್ರಾಹಕ
ಬಳ್ಳಾರಿ